ಪೋರ್ಟಿಂಗ್: ಕದವಿಲ್ಲದ ಬಾಗಿಲಿನ ಲೆಕ್ಕ

‘ರೋಟರಿ ಎಂಜಿನ್ನಿನ ಪೋರ್ಟಿಂಗ್ ಎಂದರೆ ಗಾಳಿ ಹೋಗುವ ತೂತನ್ನು ಉಜ್ಜಿ ದೊಡ್ಡದು ಮಾಡುವುದು’ ಎಂಬ ವಾಕ್ಯವನ್ನು ಈ ತಿಂಗಳಲ್ಲೇ ಮೂರನೆಯ ಸಲ ಓದಿದೆ. (ರೋಟರಿ ಎಂದರೆ ಪಿಸ್ಟನ್ ಬದಲು ಮುಮ್ಮೂಲೆಯ ರೋಟರ್ ಸುತ್ತುವ ವ್ಯಾಂಕೆಲ್ ಎಂಜಿನ್.) ಮೂರನೆಯವರು ಇನ್ನೂ ಮುಂದೆ ಹೋಗಿ, ಮನೆಯಲ್ಲೇ ಒಂದು ಭಾನುವಾರ ಕುಳಿತು ಮುಗಿಸಬಹುದಾದ ಪಾಲಿಶ್ ಕೆಲಸ ಎಂದಿದ್ದರು. ಇದನ್ನು ನಂಬಿ ಯಾರಾದರೂ ಗ್ರೈಂಡರ್ ಹಿಡಿದರೆ ಸುಲಭಕ್ಕೆ ಸಿಗದ ಎಂಜಿನ್ ಭಾಗವೊಂದು ಗುಜರಿಗೆ ಹೋಗುತ್ತದೆ. ತಪ್ಪು ಇರುವುದು ‘ತೂತು’ ಎಂಬ ಮಾತಿನಲ್ಲಿ.

ಪೋರ್ಟ್ ಎಂಬ ಒಂದೇ ರೂಪದ ಹಿಂದೆ ಲ್ಯಾಟಿನ್ನಿನ ಮೂರು ಪದಗಳಿವೆ. ‘ಪೋರ್ಟಸ್’ ಎಂದರೆ ಬಂದರು. ‘ಪೋರ್ಟಾರೆ’ ಎಂದರೆ ಹೊರುವುದು, ಸಾಗಿಸುವುದು. ‘ಪೋರ್ಟಾ’ ಎಂದರೆ ಬಾಗಿಲು. ಮೊಬೈಲ್ ಸಂಖ್ಯೆಯನ್ನು ಪೋರ್ಟ್ ಮಾಡಿಸುವಾಗ, ತಂತ್ರಾಂಶವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಪೋರ್ಟ್ ಮಾಡುವಾಗ ನಾವು ಬಳಸುತ್ತಿರುವುದು ‘ಸಾಗಿಸು’ ಎಂಬ ಅರ್ಥವನ್ನು. ಎಂಜಿನ್ನಿನ ಪೋರ್ಟ್ ಬಾಗಿಲಿನ ವಂಶದ್ದು. ಅದರ ಜೊತೆಗಾರ ‘ವಾಲ್ವ್’ ಕೂಡ ಬಾಗಿಲಿನ ಮನೆಯದೇ: ಲ್ಯಾಟಿನ್ನಿನ ‘ವಾಲ್ವಾ’ ಎಂದರೆ ಮಡಚುವ ಬಾಗಿಲಿನ ಒಂದು ಕದ. ನಮ್ಮ ಪಠ್ಯಪುಸ್ತಕಗಳು ವಾಲ್ವ್‌ಗೆ ‘ಕವಾಟ’ ಎನ್ನುತ್ತವೆ. ಹೃದಯದ ಕವಾಟ ಎಂಬ ಮಾತು ಎಲ್ಲರಿಗೂ ಗೊತ್ತು. ಸಂಸ್ಕೃತದಲ್ಲಿ ಕವಾಟವೆಂದರೂ ಕದವೇ. ಎಂದರೆ ಬಾಗಿಲು ಬೇರೆ, ಅದನ್ನು ತೆರೆದು ಮುಚ್ಚುವ ಕದ ಬೇರೆ ಎಂಬ ವಿವೇಕ ಈ ಪದಗಳೊಳಗೇ ಇದೆ. ‘ತೂತು’ ಎಂದೊಡನೆ ಅದು ಅಳಿಸಿಹೋಗುತ್ತದೆ. ತೂತಿಗೆ ಅಳತೆ ಮಾತ್ರ ಇರುತ್ತದೆ. ಬಾಗಿಲಿಗೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಎರಡೂ ಇರುತ್ತವೆ.

ಫೋರ್ ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನಲ್ಲಿ ಪೋರ್ಟ್ ಬಾಗಿಲು, ವಾಲ್ವ್ ಕದ, ಆ ಕದವನ್ನು ಹೊತ್ತಿಗೆ ಸರಿಯಾಗಿ ತಳ್ಳುವುದು ಕ್ಯಾಮ್‌ಶಾಫ್ಟ್. ಅಲ್ಲಿ ಪೋರ್ಟನ್ನು ಎಷ್ಟು ಉಜ್ಜಿದರೂ ಗಾಳಿಯ ಹರಿವು ಬದಲಾಗುತ್ತದೆಯೇ ಹೊರತು ಹೊತ್ತು ಬದಲಾಗುವುದಿಲ್ಲ. ವ್ಯಾಂಕೆಲ್ ರೋಟರಿಯಲ್ಲಿ ಕದವೂ ಇಲ್ಲ, ಕ್ಯಾಮ್ ಕೂಡ ಇಲ್ಲ. ಸಾಮಾನ್ಯವಾಗಿ ಪಕ್ಕದ ಎರಕದ ಕಬ್ಬಿಣದ ಹೌಸಿಂಗ್‌ನಲ್ಲಿ, ಎಂದರೆ ರೋಟರಿನ ಪಕ್ಕದ ಗೋಡೆಯಲ್ಲಿ, ಗಾಳಿಯ ಬಾಗಿಲು ಬಾಯಿ ತೆರೆದುಕೊಂಡಿರುತ್ತದೆ. ಮುಮ್ಮೂಲೆಯ ರೋಟರ್ ಅದರ ಮುಂದೆ ಹಾದುಹೋಗುತ್ತಾ ತನ್ನ ಮೈಯಿಂದಲೇ ಅದನ್ನು ಮುಚ್ಚುತ್ತದೆ, ತೆರೆಯುತ್ತದೆ. ಆದ್ದರಿಂದ ಬಾಗಿಲ ಚೌಕಟ್ಟಿನ ಅಂಚೇ ಇಲ್ಲಿ ಗಡಿಯಾರ. ಹೊರ ಅಂಚನ್ನು ಸವೆಸಿದರೆ ಬಾಗಿಲು ಬೇಗ ತೆರೆಯುತ್ತದೆ. ಮೇಲಂಚನ್ನು ಸವೆಸಿದರೆ ತಡವಾಗಿ ಮುಚ್ಚುತ್ತದೆ. ರೋಟರಿಯ ಪೋರ್ಟಿಂಗ್ ಎಂದರೆ ಪಿಸ್ಟನ್ ಎಂಜಿನ್ನಿಗೆ ಪೋರ್ಟ್ ಉಜ್ಜುವುದರ ಜೊತೆಗೆ ಕ್ಯಾಮ್‌ಶಾಫ್ಟನ್ನೂ ಬದಲಿಸಿದ ಹಾಗೆ. ಟೂ ಸ್ಟ್ರೋಕ್ ಎಂಜಿನ್ ಬಿಚ್ಚಿ ಗೊತ್ತಿರುವವರಿಗೆ ಇದು ಹೊಸದೇನಲ್ಲ. ಅಲ್ಲಿ ಪಿಸ್ಟನ್ನೇ ಕದ.

ಬಾಗಿಲು ತೆರೆದು ಮುಚ್ಚುವ ಹೊತ್ತನ್ನು ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಅಳೆದು ಹೋಲಿಸುವವರಿಗೂ ಒಂದು ಮಾತು. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಪಿಸ್ಟನ್ನಿನ ಒಂದು ಹೊಡೆತಕ್ಕೆ ಶಾಫ್ಟಿನ 180 ಡಿಗ್ರಿಯಾದರೆ ಇಲ್ಲಿ ಒಂದು ಹಂತಕ್ಕೆ 270 ಡಿಗ್ರಿ. ಕ್ಯಾಮ್ ಪಟ್ಟಿಯ ಅಂಕಿಗಳನ್ನು ತಂದು ರೋಟರಿಗೆ ಹಚ್ಚುವುದು ವ್ಯರ್ಥ.

ಇನ್ನು ಪೋರ್ಟಿಂಗ್‌ನ ಬಗೆಗಳಲ್ಲೊಂದಾದ ‘ಸ್ಟ್ರೀಟ್ ಪೋರ್ಟ್’. ಇದು ಒಂದು ಗೊತ್ತಾದ ಅಳತೆಯ ಹೆಸರಲ್ಲ. ಇದು ಒಂದು ಗಡಿಯೊಳಗೆ ಉಳಿಯುವುದರ ಹೆಸರು. ಅನಿಲ ಸೋರದಂತೆ ತಡೆಯಲು ರೋಟರಿನ ಪಕ್ಕದಲ್ಲಿ ಸೈಡ್ ಸೀಲ್, ಮೂಲೆಗಳಲ್ಲಿ ಕಾರ್ನರ್ ಸೀಲ್, ಎಣ್ಣೆಯನ್ನು ತಡೆಯಲು ಒಳಗೆ ಆಯಿಲ್ ರಿಂಗ್‌ಗಳಿರುತ್ತವೆ. ಇವೆಲ್ಲ ಹೌಸಿಂಗ್‌ನ ಮೇಲೆ ತಮ್ಮ ತಮ್ಮ ಜಾಡಿನಲ್ಲೇ ಓಡುತ್ತವೆ. ಬಳಸಿದ ಎಂಜಿನ್ನಿನಲ್ಲಿ ಆ ಜಾಡುಗಳು ಕಣ್ಣಿಗೇ ಕಾಣುತ್ತವೆ. ಬಾಗಿಲ ಒಳ ಅಂಚು ಆಯಿಲ್ ರಿಂಗಿನ ಜಾಡನ್ನು ಮುಟ್ಟಿದರೆ ಎಣ್ಣೆ ದಹನಕೋಣೆಗೆ ಸೇರುತ್ತದೆ. ಹೊರ ಅಂಚು ಕಾರ್ನರ್ ಸೀಲಿನ ಜಾಡಿಗೆ ನುಗ್ಗಿದರೆ ಸೀಲಿಗೆ ಕಾಲಿಡಲು ನೆಲವೇ ಇರುವುದಿಲ್ಲ. ಈ ಎರಡು ಜಾಡುಗಳ ನಡುವೆ ಸಿಗುವಷ್ಟರಲ್ಲಿ ಬಾಗಿಲನ್ನು ಬೆಳೆಸುವುದು ಸ್ಟ್ರೀಟ್ ಪೋರ್ಟ್.

ಆ ಗಡಿಯೊಳಗೂ ದುರಾಸೆಗೆ ಜಾಗವಿದೆ. ಬಾಗಿಲು ತಡವಾಗಿ ಮುಚ್ಚಿದರೆ ಹೆಚ್ಚಿನ ವೇಗದಲ್ಲಿ ಲಾಭ: ಗಾಳಿ ತನ್ನ ಓಟದ ಬಲದಿಂದಲೇ ಒಳಗೆ ನುಗ್ಗುತ್ತಿರುತ್ತದೆ. ನಿಧಾನ ವೇಗದಲ್ಲಿ ಅದೇ ಗಾಳಿಯನ್ನು ರೋಟರ್ ಬಾಗಿಲಿನಿಂದ ಹಿಂದಕ್ಕೆ ತಳ್ಳುತ್ತದೆ. ದಿನವೂ ದಟ್ಟಣೆಯಲ್ಲಿ ಓಡಿಸುವ ಕಾರಿಗೆ ಎಲ್ಲಕ್ಕಿಂತ ದೊಡ್ಡ ಸ್ಟ್ರೀಟ್ ಪೋರ್ಟ್ ಬೇಕೆನ್ನುವವರು ‘ಸ್ಟ್ರೀಟ್’ ಎಂಬ ಅರ್ಧ ಹೆಸರನ್ನೇ ಮರೆತಿದ್ದಾರೆ.

‘ರಸ್ತೆಗೆ ಹೊಂದುವ ಸೌಮ್ಯ ಬ್ರಿಜ್ ಪೋರ್ಟ್’ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಸೀಲಿನ ಜಾಡಿನ ಆಚೆ ಹುಬ್ಬಿನಾಕಾರದ ಇನ್ನೊಂದು ಸೀಳು ಕೊರೆದು, ನಡುವೆ ಸೀಲಿಗೆ ಆಧಾರವಾಗಿ ಕಬ್ಬಿಣದ ತೆಳು ಸೇತುವೆ ಉಳಿಸುವುದು ಬ್ರಿಜ್ ಪೋರ್ಟ್. ಆಗ ಒಳಬಾಗಿಲು ಎಷ್ಟು ಬೇಗ ತೆರೆಯುತ್ತದೆಂದರೆ, ಹೊಗೆಯ ಬಾಗಿಲು ಇನ್ನೂ ಮುಚ್ಚಿರುವುದಿಲ್ಲ. ಸುಟ್ಟ ಅನಿಲ ಹೊಸ ಗಾಳಿಯೊಂದಿಗೆ ಬೆರೆಯುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ಕುಂಟುತ್ತದೆ, ಪೆಟ್ರೋಲ್ ಖರ್ಚಾಗುತ್ತದೆ. ಆ ಕುಂಟು ಸದ್ದಿಗೇ ಮನಸೋತು ಸೇತುವೆ ಕೊರೆಯುವವರಿದ್ದಾರೆ. ಸೇತುವೆ ಬಿರುಕು ಬಿಟ್ಟು ತುಂಡಾದರೆ ಆ ಚೂರು ಬೀಳುವುದು ರೋಟರಿನ ದಾರಿಗೇ. ಇದು ರೇಸಿಗೆ ಹುಟ್ಟಿದ ಕೆಲಸ.

ಪಕ್ಕದಲ್ಲಲ್ಲ, ರೋಟರಿನ ತುದಿಗಳು ಉಜ್ಜಿಕೊಂಡು ಓಡುವ ಸುತ್ತುಗೋಡೆಯಲ್ಲೇ ಬಾಗಿಲಿಡುವುದು ಪೆರಿಫೆರಲ್ ಪೋರ್ಟ್. ಜರ್ಮನಿಯ ಎನ್‌ಎಸ್‌ಯು ಕಂಪನಿಯ 1964ರ ಸ್ಪೈಡರ್ ಹಾಗೂ 1967ರ ಆರ್‌ಒ 80 ಕಾರುಗಳಲ್ಲಿ ಗಾಳಿಯ ಬಾಗಿಲು ಅಲ್ಲಿತ್ತು. ಅದೇ 1967ರಲ್ಲಿ ಬಂದ ಮಜ್ದಾ ಕಾಸ್ಮೊ ಸ್ಪೋರ್ಟ್ ಬಾಗಿಲನ್ನು ಪಕ್ಕಕ್ಕೆ ತಂದಿತು, ನಿಧಾನ ವೇಗದಲ್ಲೂ ಎಂಜಿನ್ ಸಲೀಸಾಗಿ ಓಡಲೆಂದು. 1991ರಲ್ಲಿ ಲ ಮಾನ್ಸ್ ಕಾರ್ ರೇಸ್ ಗೆದ್ದ ಮಜ್ದಾ 787ಬಿ ಮತ್ತೆ ಸುತ್ತುಗೋಡೆಯ ಬಾಗಿಲನ್ನೇ ಬಳಸಿತು. ರಸ್ತೆಗೆ ಯಾವುದು, ಓಟಕ್ಕೆ ಯಾವುದು ಎಂಬುದನ್ನು ತಯಾರಕರೇ ತೋರಿಸಿಕೊಟ್ಟಿದ್ದಾರೆ.

ಮನೆಯಲ್ಲಿ ಮಾಡಬಹುದೇ? ತಾಳ್ಮೆಯಿದ್ದರೆ ಸ್ಟ್ರೀಟ್ ಪೋರ್ಟ್ ಮಾಡಬಹುದು. ಆದರೆ ಎಂಜಿನ್ ಇಳಿಸಿ, ಒಂದೊಂದು ಹೌಸಿಂಗನ್ನೂ ಬಿಡಿಸಲೇಬೇಕು. ಮೇಲೆ ನೀಲಿ ಗುರುತುಬಣ್ಣ ಬಳಿದು, ಅಳತೆಯ ಅಚ್ಚಿಟ್ಟು ಮೊನೆಯಿಂದ ಗೆರೆ ಕೊರೆದು, ಡೈ ಗ್ರೈಂಡರಿನ ಕಾರ್ಬೈಡ್ ಬರ್ ಎಂಬ ಕೊರೆಯುವ ತುದಿಯಿಂದ ಆ ಗೆರೆಯವರೆಗೆ ಮಾತ್ರ ಹೋಗಬೇಕು. ಎರಡು ರೋಟರ್‌ಗಳಿರುವ ಎಂಜಿನ್ನಿನಲ್ಲಿ ಎರಡರ ಬಾಗಿಲುಗಳೂ ಒಂದೇ ಹೊತ್ತು ತೋರಿಸಬೇಕು. ಇಲ್ಲವಾದರೆ ಒಂದು ರೋಟರ್ ಒಂದು ತಾಳಕ್ಕೆ, ಇನ್ನೊಂದು ಇನ್ನೊಂದಕ್ಕೆ ಉಸಿರಾಡುತ್ತವೆ. ಒಳದಾರಿಯ ಗೋಡೆಯಾಚೆ ತಂಪುನೀರು ಹರಿಯುವ ಜಾಗವಿದೆ. ಗೋಡೆ ತೂತಾದರೆ ಆ ಹೌಸಿಂಗಿನ ಕಥೆ ಮುಗಿಯಿತು. ಸೈಡ್ ಸೀಲ್ ಹಾಯುವ ಮುಚ್ಚುವಂಚನ್ನು ಇಳಿಜಾರಾಗಿ ನಯಗೊಳಿಸುವುದನ್ನು ಬಹಳ ಜನ ಮರೆಯುತ್ತಾರೆ. ಅಂಚು ಹರಿತವಾಗಿ ಉಳಿದರೆ ಸೀಲಿನ ತುದಿ ಪ್ರತಿ ಸುತ್ತಿಗೂ ಅಲ್ಲಿ ಎಡವುತ್ತದೆ. ಕಬ್ಬಿಣದ ಪುಡಿ ಮೂಗಿಗೂ ಹೋಗಬಾರದು, ಎಂಜಿನ್ನಿನೊಳಗೂ ಉಳಿಯಬಾರದು.

ಹೊಗೆಯ ಬಾಗಿಲನ್ನು ಬೇಗ ತೆರೆಯುವಂತೆ ಮಾಡುವ ಮೊದಲು ಎರಡು ಸಲ ಯೋಚಿಸಿ. ಇನ್ನೂ ರೋಟರನ್ನು ತಳ್ಳುತ್ತಿರುವ ಅನಿಲ ಆಗ ಕೊಳವೆಗೆ ಸೋರಿ, ಸದ್ದು ಮತ್ತು ಬಿಸಿಯಾಗಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ಇಂಧನ ಮತ್ತು ಕಿಡಿಯ ಹೊಂದಾಣಿಕೆಯನ್ನು ಹೊಸದಾಗಿ ಮಾಡಿಸಬೇಕು. ಹಳೆಯ ಹೊಂದಾಣಿಕೆ ಹಳೆಯ ಹೊತ್ತಿಗೆ ಬರೆದದ್ದು. ಗಾಳಿ ಹೆಚ್ಚಾಗಿ ಇಂಧನ ಅಷ್ಟೇ ಉಳಿದರೆ ಮೊದಲು ಮುರಿಯುವುದು ರೋಟರಿನ ತುದಿಯಲ್ಲಿ ಸುತ್ತುಗೋಡೆಗೆ ಒತ್ತಿಕೊಂಡಿರುವ ಅಪೆಕ್ಸ್ ಸೀಲ್.

ಪಾಲಿಶ್ ಬೇರೆ ಕೆಲಸ. ಒಳದಾರಿಯನ್ನು ಎಷ್ಟೇ ಹೊಳೆಯಿಸಿದರೂ ಬಾಗಿಲು ತೆರೆಯುವ ಗಳಿಗೆ ಒಂದು ಡಿಗ್ರಿಯಷ್ಟೂ ಸರಿಯುವುದಿಲ್ಲ. ಅಂಚನ್ನು ಮುಟ್ಟದ ಕೆಲಸವನ್ನು ದಯವಿಟ್ಟು ಪೋರ್ಟಿಂಗ್ ಎಂದು ಬರೆಯಬೇಡಿ.