ಹಕ್ಕಿನ ಮಾತು ಒಪ್ಪಂದದ ಯಾವ ಪುಟದಲ್ಲಿದೆ?

ವ್ಯಾಪಾರ ಒಪ್ಪಂದದ ಕರಡು ಕೈಗೆ ಬಂದರೆ ಪೀಠಿಕೆಯನ್ನು ನಾನು ಕೊನೆಗೆ ಓದುತ್ತೇನೆ. ಮಾನವ ಹಕ್ಕುಗಳ ಬಗ್ಗೆ ಚೆಂದದ ಮಾತುಗಳೆಲ್ಲ ಅಲ್ಲಿರುತ್ತವೆ. ಅವುಗಳಿಂದ ಯಾವ ಸರ್ಕಾರಕ್ಕೂ ಕಸಿವಿಸಿಯಾಗುವುದಿಲ್ಲ. ಮೊದಲು ತೆರೆಯುವುದು ವಿವಾದ ಇತ್ಯರ್ಥದ ಅಧ್ಯಾಯ. ಕಾರ್ಮಿಕರ ಹಕ್ಕುಗಳಿಗೆ ಇದು ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಅಲ್ಲಿದ್ದರೆ, ಹಕ್ಕುಗಳ ಅಧ್ಯಾಯ ಎಷ್ಟೇ ಉದ್ದವಿರಲಿ, ಅದು ಬರೀ ಹಿತವಚನ.

ಐರೋಪ್ಯ ಒಕ್ಕೂಟ 1990ರ ದಶಕದಿಂದ ತನ್ನ ಒಪ್ಪಂದಗಳಲ್ಲಿ ಮಾನವ ಹಕ್ಕುಗಳನ್ನು ಮೂಲಭೂತ ಷರತ್ತಾಗಿ ಬರೆಯುತ್ತಿದೆ. ಉಲ್ಲಂಘನೆಯಾದರೆ ಒಪ್ಪಂದವನ್ನೇ ಅಮಾನತಿನಲ್ಲಿಡಬಹುದು. ಅಷ್ಟು ದೊಡ್ಡ ಅಸ್ತ್ರವನ್ನು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ತಮ್ಮದೇ ಆಮದುದಾರರು ಬೊಬ್ಬೆ ಹೊಡೆಯುತ್ತಾರೆ. ಅದಕ್ಕಿಂತ ಸುಲಭವಾದದ್ದು ಬಡ ದೇಶಗಳಿಗೆ ಕೊಟ್ಟ ಸುಂಕ ರಿಯಾಯಿತಿಯನ್ನು ಹಿಂಪಡೆಯುವುದು. ಕಾಂಬೋಡಿಯಾದಲ್ಲಿ ಮುಖ್ಯ ವಿರೋಧ ಪಕ್ಷವನ್ನು 2017ರ ನವೆಂಬರ್‌ನಲ್ಲಿ ವಿಸರ್ಜಿಸಲಾಯಿತು. 2020ರ ಆಗಸ್ಟ್‌ನಿಂದ ಒಕ್ಕೂಟ ಆಯ್ದ ಉಡುಪು, ಪಾದರಕ್ಷೆ, ಸಕ್ಕರೆ ಮೊದಲಾದವುಗಳ ರಿಯಾಯಿತಿ ಕಿತ್ತುಕೊಂಡಿತು. ಆ ದೇಶ ಯುರೋಪಿಗೆ ಕಳಿಸುವ ಸರಕಿನಲ್ಲಿ ಇದರ ಪಾಲು ಸುಮಾರು ಶೇ 20. ಪಕ್ಷ ಮರಳಿ ಬರಲಿಲ್ಲ. ಅದನ್ನು ಮುಚ್ಚಿಸಿದವರು ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲ. ಬೇಡಿಕೆ ಕುಸಿದರೆ ಮೊದಲು ಕೆಲಸ ಹೋಗುವುದು ಮಾತ್ರ ಅಲ್ಲಿ ಕೂತವರದು.

ಅಮೆರಿಕ, ಮೆಕ್ಸಿಕೊ, ಕೆನಡಾ ನಡುವೆ 2020ರ ಜುಲೈನಲ್ಲಿ ಜಾರಿಗೆ ಬಂದ ಒಪ್ಪಂದದ ತ್ವರಿತ ಕ್ರಮ ವ್ಯವಸ್ಥೆ ನನಗೆ ಇದಕ್ಕಿಂತ ಹಿಡಿಸುತ್ತದೆ. ಅದು ಹಿಡಿಯುವುದು ದೇಶವನ್ನಲ್ಲ, ಒಂದು ಕಾರ್ಖಾನೆಯನ್ನು. 2021ರ ಏಪ್ರಿಲ್‌ನಲ್ಲಿ ಮೆಕ್ಸಿಕೊದ ಸಿಲಾವೊದಲ್ಲಿರುವ ಜನರಲ್ ಮೋಟಾರ್ಸ್ ಘಟಕದಲ್ಲಿ ವೇತನ ಒಪ್ಪಂದದ ಮೇಲೆ ಕಾರ್ಮಿಕರ ಮತದಾನ ನಡೆದಾಗ ಮತಪತ್ರಗಳು ನಾಶವಾಗಿದ್ದು ಬಯಲಾಯಿತು. ಮೇ ತಿಂಗಳಲ್ಲಿ ಅಮೆರಿಕ ಪರಿಶೀಲನೆಗೆ ಒತ್ತಾಯಿಸಿತು. ಆ ಒಂದೇ ಘಟಕದಿಂದ ಬರುವ ಸರಕಿನ ಸುಂಕದ ಲೆಕ್ಕವನ್ನು ಅಂತಿಮಗೊಳಿಸದೆ ತಡೆಹಿಡಿಯಿತು. ಆಗಸ್ಟ್‌ನ ಮರುಮತದಾನದಲ್ಲಿ ಕಾರ್ಮಿಕರು ಹಳೆಯ ವೇತನ ಒಪ್ಪಂದವನ್ನು ತಿರಸ್ಕರಿಸಿದರು. ಕಾರ್ಮಿಕರನ್ನು ಯಾರು ಪ್ರತಿನಿಧಿಸಬೇಕೆಂಬ ಚುನಾವಣೆಯಲ್ಲಿ 2022ರ ಫೆಬ್ರವರಿಯಲ್ಲಿ ಸ್ವತಂತ್ರ ಕಾರ್ಮಿಕ ಸಂಘವೊಂದು ಗೆದ್ದಿತು. ವರ್ಷದೊಳಗೆ ಇಷ್ಟಾದದ್ದು ಈ ಕ್ಷೇತ್ರದಲ್ಲಿ ಅಪರೂಪ.

ಹಾಗೆಂದು ಇದು ಎಲ್ಲೆಡೆ ನಡೆಯುತ್ತದೆಂದಲ್ಲ. ಮೆಕ್ಸಿಕೊ 2019ರಲ್ಲೇ ತನ್ನ ಕಾರ್ಮಿಕ ಕಾನೂನನ್ನು ತಿದ್ದಿತ್ತು. ಹೊರಗಿನ ಒತ್ತಡಕ್ಕೆ ಒಳಗೊಂದು ಆಸರೆಯಿತ್ತು. ವಿರೋಧ ಪಕ್ಷದ ನಿಷೇಧದಂಥ ವಿಷಯಕ್ಕೆ ಹಿಡಿಯಲು ಕಾರ್ಖಾನೆಯೇ ಇರುವುದಿಲ್ಲ. ಹಕ್ಕುಗಳ ಹೆಸರಿನಲ್ಲಿ ಶ್ರೀಮಂತ ದೇಶಗಳು ತಮ್ಮ ಮಾರುಕಟ್ಟೆಗೆ ಬೇಲಿ ಹಾಕುತ್ತವೆ ಎಂಬ ಸಂಶಯವೂ ಸುಳ್ಳಲ್ಲ. ಕಾರ್ಮಿಕ ಮಾನದಂಡಗಳನ್ನು ಹಾಗೆ ಬಳಸಬಾರದು ಎಂದು ವಿಶ್ವ ವ್ಯಾಪಾರ ಸಂಘಟನೆಯ ಸಚಿವರು 1996ರಲ್ಲೇ ಸಿಂಗಪುರದಲ್ಲಿ ಘೋಷಿಸಬೇಕಾಯಿತು.

ಆದ್ದರಿಂದ ಕರಡಿನಲ್ಲಿ ನಾನು ಹುಡುಕುವ ಇನ್ನೊಂದು ಸಾಲು, ದೂರು ಕೊಡಲು ಯಾರಿಗೆ ಅವಕಾಶವಿದೆ ಎಂಬುದು. ಸರ್ಕಾರಗಳಿಗೆ ಮಾತ್ರ ಎಂದಿದ್ದರೆ ದೂರು ರಾಯಭಾರಿಗಳ ಊಟದ ಮೇಜಿನಲ್ಲೇ ಕರಗುತ್ತದೆ. ಕಾರ್ಮಿಕ ಸಂಘವೇ ಅರ್ಜಿ ಹಾಕಬಹುದು, ಉತ್ತರಕ್ಕೆ ದಿನಗಳ ಗಡುವಿದೆ ಎಂದಿದ್ದರೆ ಆ ಅಧ್ಯಾಯವನ್ನು ಎರಡನೆಯ ಸಲ ಓದುತ್ತೇನೆ.