ಖಂಡಾಳಾ ಘಾಟ್ ಇಳಿದರೆ ಎಲ್ಲ ಕಾರೂ ಮೈಲೇಜ್ ಕೊಡುತ್ತದೆ

ಪುಣೆ-ಮುಂಬೈ ದಾರಿಯ ಖಂಡಾಳಾ ಘಾಟಿನಲ್ಲಿ, ಲೋಣಾವಳದಿಂದ ಖೋಪೋಲಿಗೆ ಇಳಿಯುವಾಗ ಯಾವ ಕಾರಾದರೂ ಭರ್ಜರಿ ಮೈಲೇಜ್ ಕೊಡುತ್ತದೆ. ಹಳೇ ಕಾರು, ಹೊಸ ಕಾರು, ಟೈರಿನಲ್ಲಿ ಗಾಳಿ ಕಡಿಮೆಯಿರುವ ಕಾರು, ಎಲ್ಲವೂ. ಡ್ಯಾಶ್‌ಬೋರ್ಡಿನ ಅಂಕಿ ಏರುತ್ತಾ ಹೋಗುತ್ತದೆ. ಆಗ ಒಂದು ಫೋಟೋ ತೆಗೆದು, ಮೇಲೊಂದು ಕೆಂಪು ಬಾಣ ಹಾಕಿ, ಬಾಯಿ ತೆರೆದ ಮುಖವನ್ನು ಪಕ್ಕದಲ್ಲಿ ಅಂಟಿಸಿದರೆ ವಿಡಿಯೋ ರೆಡಿ: "28 ಕೊಟ್ಟಿತು! ಕಂಪನಿಯೇ ಹೇಳದ ಸತ್ಯ!" ಅದೇ ಕಾರು ಘಾಟ್ ಹತ್ತುವಾಗ ಫೋಟೋ ತೆಗೆದರೆ ಇನ್ನೊಂದು ವಿಡಿಯೋ: "ಬರೀ 12! ಮೋಸ ಹೋಗಬೇಡಿ!" ಎರಡಕ್ಕೂ ಲಕ್ಷಗಟ್ಟಲೆ ಜನ.

ಪುಣೆಯ ಚಾಕಣ್, ಪಿಂಪ್ರಿ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ಬಂದವರು ಎಷ್ಟೋ ಜನ ಇದ್ದಾರೆ. ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಪಾರ್ಟ್ ಅಳೆದು, ಕೂದಲೆಳೆಯಷ್ಟು ಹೆಚ್ಚಿದ್ದರೂ ರಿಜೆಕ್ಟ್ ಮಾಡುವ ಜನ. ಸಂಜೆ ಚಹಾ ಅಂಗಡಿಯಲ್ಲಿ ಅವರೇ ಫೋನ್ ತೋರಿಸಿ, "ಇಪ್ಪತ್ತೆಂಟು ಕೊಡ್ತದಂತ್ರೀ ಅಣ್ಣಾರ" ಅನ್ನುತ್ತಾರೆ. ಎಲ್ಲಿ ಓಡಿಸಿದಾಗ? ಯಾವ ದಿಕ್ಕಿಗೆ? ಎಷ್ಟು ಕಿಲೋಮೀಟರ್? ಪೆಟ್ರೋಲನ್ನು ಅಳೆದದ್ದು ಹೇಗೆ? ಕಾರ್ಖಾನೆಯಲ್ಲಿ ಕೇಳುವ ಈ ಪ್ರಶ್ನೆಗಳನ್ನು ಚಹಾ ಅಂಗಡಿಯಲ್ಲಿ ಯಾಕೆ ಕೇಳಬಾರದು?

ಘಾಟನ್ನೇ ತೆಗೆದುಕೊಳ್ಳಿ. ಲೋಣಾವಳ ಸಮುದ್ರಮಟ್ಟಕ್ಕಿಂತ ಸುಮಾರು 620 ಮೀಟರ್ ಎತ್ತರದಲ್ಲಿದೆ. ಖೋಪೋಲಿ 100 ಮೀಟರಿಗಿಂತ ಕೆಳಗೆ. ಇಳಿತ 500 ಮೀಟರಿಗೆ ಮೋಸವಿಲ್ಲ. ಕಾರು, ಅದರೊಳಗಿನ ಜನ, ಲಗೇಜು ಎಲ್ಲ ಸೇರಿ 1300 ಕಿಲೋ ಅಂದುಕೊಳ್ಳಿ. ಅಷ್ಟು ತೂಕ 500 ಮೀಟರ್ ಕೆಳಗಿಳಿದರೆ ಸುಮಾರು 64 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು ದೊಡ್ಡದೋ ಸಣ್ಣದೋ? ಪೆಟ್ರೋಲಿಗೆ ಹೋಲಿಸಿ ನೋಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಶಾಖವಾಗಿ ರೇಡಿಯೇಟರಿನಿಂದಲೋ ಹೊಗೆಕೊಳವೆಯಿಂದಲೋ ಹೊರಗೆ ಹೋಗುತ್ತದೆ. ಚಕ್ರಕ್ಕೆ ತಲುಪುವುದು ಕಾಲು ಭಾಗ, ಅಂದರೆ 80 ಲಕ್ಷ ಜೂಲ್. ಹಾಗಾದರೆ ಆ 500 ಮೀಟರಿನ ಎತ್ತರದ ಬೆಲೆ 0.8 ಲೀಟರ್ ಪೆಟ್ರೋಲ್!

ಹತ್ತುವಾಗ ಈ 0.8 ಲೀಟರನ್ನು ಪೂರ್ತಿ ಕೊಡಲೇಬೇಕು, ರಿಯಾಯಿತಿ ಇಲ್ಲ. ಇಳಿಯುವಾಗ ಮಾತ್ರ ಪೂರ್ತಿ ವಾಪಸ್ ಸಿಗುವುದಿಲ್ಲ. ಇಳಿಜಾರು ಕಾರನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆಯುತ್ತದೆ, ನಾವು ತಡೆಯುತ್ತೇವೆ, ಉಳಿದ ಶಕ್ತಿ ಬ್ರೇಕಿನ ಡಿಸ್ಕನ್ನು ಕಾಯಿಸಿ ಗಾಳಿಗೆ ಹೋಗುತ್ತದೆ. ಆದರೂ ಅರ್ಧ ಲೀಟರಿನಷ್ಟು ಉಳಿತಾಯ ಆಗಿಯೇ ಆಗುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಲೀಟರಿಗೆ 17 ಕೊಡುವ ಕಾರು ಅಂತ ಇಟ್ಟುಕೊಳ್ಳಿ. ಲೋಣಾವಳದಿಂದ ಪನ್ವೇಲ್ ಕಡೆಗೆ 50 ಕಿಲೋಮೀಟರ್. ಸಮತಟ್ಟಾಗಿದ್ದರೆ 2.9 ಲೀಟರ್ ಬೇಕಿತ್ತು. ಇಳಿಯುವಾಗ 2.4 ಸಾಕು, ಮೈಲೇಜ್ ಹತ್ತಿರ ಹತ್ತಿರ 21. ಹತ್ತುವಾಗ 3.7 ಬೇಕು, ಮೈಲೇಜ್ 13.5. ಅದೇ ಕಾರು, ಅದೇ ಚಾಲಕ, ಅದೇ ಪೆಟ್ರೋಲ್. ಪನ್ವೇಲ್‌ವರೆಗೂ ಹೋಗದೆ ಘಾಟಿನ ಬುಡದಲ್ಲೇ ನಿಲ್ಲಿಸಿ ಅಂಕಿ ಓದಿದರೆ 28 ಏನು, 50 ಕೂಡ ಬರಬಹುದು. ಹಾಗೆ ಇಳಿದು ಮೈಲೇಜ್ ಬಂತು ಅಂತ ಬೀಗುವುದು, ಅಪ್ಪ ಇಟ್ಟ ಎಫ್‌ಡಿ ಮುರಿದು ಖರ್ಚು ಮಾಡಿ "ಈ ತಿಂಗಳು ಸಂಬಳ ಮುಟ್ಟಲೇ ಇಲ್ಲ" ಅಂದ ಹಾಗೆ. ಆ ಎತ್ತರಕ್ಕೆ ಯಾರೋ ಯಾವಾಗಲೋ ಪೆಟ್ರೋಲ್ ಸುಟ್ಟಿದ್ದಾರೆ.

ಇನ್ನೊಂದು ಸಣ್ಣ ಮೋಸವೂ ಇಲ್ಲೇ ಅಡಗಿದೆ. 21ನ್ನೂ 13.5ನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 17.25 ಬರುತ್ತದೆ. ನೋಡಿ, ಘಾಟಿನಿಂದ ನಷ್ಟವೇ ಇಲ್ಲ ಅನ್ನಿಸುತ್ತದೆ. ಆದರೆ 100 ಕಿಲೋಮೀಟರಿಗೆ ಸುಟ್ಟದ್ದು 2.4 ಮತ್ತು 3.7, ಒಟ್ಟು 6.1 ಲೀಟರ್. ನಿಜವಾದ ಮೈಲೇಜ್ 16.4. ಮೈಲೇಜುಗಳ ಸರಾಸರಿ ತೆಗೆಯಬಾರದು, ಲೀಟರುಗಳನ್ನು ಕೂಡಿಸಬೇಕು. ಎರಡು ಮೂರು ಓಟದ ಮೈಲೇಜನ್ನು ಕೂಡಿಸಿ ಭಾಗಿಸಿ "ಸರಾಸರಿ" ಹೇಳುವ ವಿಮರ್ಶಕರನ್ನು ಕಂಡರೆ ಮುಂದಿನ ಮಾತು ಕೇಳಬೇಕಿಲ್ಲ.

ಘಾಟಿನ ಮಾತು ಬಂದಾಗ ನ್ಯೂಟ್ರಲ್ ಪುರಾಣ ಬಿಡುವ ಹಾಗಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಈಗಲೂ ಹೇಳುವವರಿದ್ದಾರೆ, ವಿಡಿಯೋ ಮಾಡಿ ಹೇಳುವವರೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೆ ಸ್ವಲ್ಪ ಅರ್ಥವಿತ್ತು. ನಮ್ಮ ದೇಶದ ಕಾರುಗಳಲ್ಲಿ 2000ದ ಆಸುಪಾಸಿನಲ್ಲಿ, ಹೊಗೆಯ ನಿಯಮ ಬಿಗಿಯಾದಾಗ, ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಈಗಿನ ಕಾರಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಇಂಜಿನ್ನನ್ನು ಚಕ್ರವೇ ತಿರುಗಿಸುತ್ತಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಅದು ಇಂಜೆಕ್ಟರ್ ಮುಚ್ಚಿಬಿಡುತ್ತದೆ. ಆಗ ಸುಡುವ ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ನಲ್ಲಿ ಚಕ್ರದ ಸಹಾಯ ತಪ್ಪುತ್ತದೆ, ಇಂಜಿನ್ ಆರದಂತೆ ಇರಲು ಪೆಟ್ರೋಲ್ ಕುಡಿಯಲೇಬೇಕು. ಉಳಿಸಲು ಹೋಗಿ ಜಾಸ್ತಿ ಸುಟ್ಟಂತೆ. ಅದು ಹೋಗಲಿ ಅಂದರೆ ಇಂಜಿನ್ನಿನ ತಡೆಯೂ ಹೋಗುತ್ತದೆ. ಗಾಳಿ ಮತ್ತು ಟೈರು ತಡೆಯುವಷ್ಟನ್ನು ಬಿಟ್ಟರೆ ಆ 64 ಲಕ್ಷ ಜೂಲಿನಲ್ಲಿ ಉಳಿದದ್ದೆಲ್ಲ ಬ್ರೇಕಿನ ಮೇಲೆ. ಕಾದ ಬ್ರೇಕ್ ಹಿಡಿಯುವುದಿಲ್ಲ.

ಈ ಇಳಿಜಾರಿನ ಲೆಕ್ಕ ರೈಲಿನವರಿಗೆ ಎಂದೋ ಗೊತ್ತಿತ್ತು. ಇಲ್ಲಿನ ಭೋರ್ ಘಾಟ್ ರೈಲು ಮಾರ್ಗ 1863ರಲ್ಲಿ ತೆರೆಯಿತು. ಅದನ್ನು ರೂಪಿಸಿದ ಇಂಜಿನಿಯರ್ ಜೇಮ್ಸ್ ಬರ್ಕ್ಲಿ ಅದಕ್ಕೆ ಮೊದಲಿನ ವರ್ಷವೇ ತೀರಿಕೊಂಡಿದ್ದ, ಪಾಪ, ರೈಲು ಹತ್ತಿದ್ದನ್ನು ನೋಡಲಿಲ್ಲ. 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಇವತ್ತಿಗೂ ಮುಂಬೈಯಿಂದ ಪುಣೆಗೆ ಬರುವ ಹೆಚ್ಚಿನ ಎಕ್ಸ್‌ಪ್ರೆಸ್ ರೈಲುಗಳಿಗೆ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಸೇರಿಸುತ್ತಾರೆ. ಇಳಿಯುವ ರೈಲುಗಳು ಮಂಕಿ ಹಿಲ್‌ನಂಥ ಕಡೆ ನಿಲ್ಲುವುದು ಬ್ರೇಕ್ ಸರಿಯಿದೆಯೇ ನೋಡಲು. ಹತ್ತುವುದು ಬೇರೆ, ಇಳಿಯುವುದು ಬೇರೆ ಅಂತ ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ತಿಳಿದಿದ್ದನ್ನು ಮೈಲೇಜ್ ವಿಡಿಯೋದವರು ಇನ್ನೂ ಕಲಿತಿಲ್ಲ. ಅಥವಾ ಚೆನ್ನಾಗಿ ಕಲಿತಿದ್ದಾರೆ.

"ಹಾಗಾದರೆ ಎಆರ್‌ಎಐ ಹೇಳುವ ಮೈಲೇಜ್ ನಿಜವಾ? ಅದೂ ಸುಳ್ಳೇ ಅಲ್ವಾ?" ಅಂತ ಕೇಳುತ್ತೀರಿ. ಎಆರ್‌ಎಐ ನಮ್ಮ ಪುಣೆಯದೇ. 1966ರಲ್ಲಿ ಶುರುವಾದ, ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ, ಕೋಥ್ರೂಡ್ ಕಡೆಯ ವೇತಾಳ ಟೇಕಡಿಯ ಮೇಲಿದೆ. ಬೆಳಿಗ್ಗೆ ವಾಕಿಂಗ್ ಹೋಗುವವರು ಆ ಗುಡ್ಡವನ್ನೇ ಎಆರ್‌ಎಐ ಟೇಕಡಿ ಅನ್ನುತ್ತಾರೆ. ಅದರ ಹೆಸರಿನಲ್ಲಿ ಬರುವ ಮೈಲೇಜ್ ಅಳೆಯುವಾಗ ಕಾರು ಎಲ್ಲಿಗೂ ಹೋಗುವುದಿಲ್ಲ. ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ ಅನ್ನುವುದು ಮೊದಲೇ ಬರೆದಿಟ್ಟಿರುತ್ತದೆ: ಒಟ್ಟು 1180 ಸೆಕೆಂಡು, ಹತ್ತು ಚಿಲ್ಲರೆ ಕಿಲೋಮೀಟರ್, ಗರಿಷ್ಠ ವೇಗ 90, ಎಸಿ ಆಫ್. ಪೆಟ್ರೋಲನ್ನು ಟ್ಯಾಂಕಿನಲ್ಲಿ ಅಳೆಯುವುದಿಲ್ಲ, ಹೊಗೆಯಲ್ಲಿ ಅಳೆಯುತ್ತಾರೆ. ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಪೆಟ್ರೋಲಿನಲ್ಲಿದ್ದ ಇಂಗಾಲ ಎಲ್ಲಿಗೂ ಮಾಯವಾಗಲಾರದು, ಹೊಗೆಯಲ್ಲೇ ಹೊರಬರಬೇಕು. ಒಂದು ಲೀಟರ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಹೊಗೆಯನ್ನು ಚೀಲದಲ್ಲಿ ಹಿಡಿದು ಇಂಗಾಲ ಲೆಕ್ಕ ಹಾಕಿದರೆ ಎಷ್ಟು ಪೆಟ್ರೋಲ್ ಸುಟ್ಟಿತು ಅಂತ ಕರಾರುವಾಕ್ಕಾಗಿ ಗೊತ್ತಾಗುತ್ತದೆ.

ಆ ಅಂಕಿ ಹಿಂಜೇವಾಡಿ ಟ್ರಾಫಿಕ್ಕಿನಲ್ಲಿ ಸಿಗುವುದಿಲ್ಲ. ಸಿಗಬೇಕು ಅಂತ ಅದನ್ನು ಮಾಡಿಯೂ ಇಲ್ಲ. ಎರಡು ಕಾರುಗಳನ್ನು ಒಂದೇ ರೀತಿಯ ಓಟದಲ್ಲಿ ಹೋಲಿಸಲು ಮಾಡಿದ್ದು. ಒಂದಕ್ಕೆ 18, ಇನ್ನೊಂದಕ್ಕೆ 23 ಅಂತ ಬಂದರೆ, ಟ್ರಾಫಿಕ್ಕಿನಲ್ಲಿ ಎರಡೂ ಕಡಿಮೆಯಾದರೂ ಸಾಮಾನ್ಯವಾಗಿ ಎರಡನೆಯದೇ ಕಡಿಮೆ ಕುಡಿಯುತ್ತದೆ.

ಪ್ರಯೋಗಾಲಯವನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನೆನಪಿರಬಹುದು. ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಾದಾಗ ಮಾತ್ರ ಶುದ್ಧ ಹೊಗೆ ಬಿಡುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದರು. ನಮ್ಮಲ್ಲೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಆದರೆ ಆ ಗುಟ್ಟು ಹೊರಬಿದ್ದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವು ಸಂಶೋಧಕರಿಂದ. ಅವರು ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿದರು. ಯಾವ ರಸ್ತೆ, ಯಾವ ಯಂತ್ರ, ಎಷ್ಟು ದೂರ ಅಂತ ಎಲ್ಲವನ್ನೂ ಬರೆದು 2014ರಲ್ಲೇ ಪ್ರಕಟಿಸಿದ್ದರು. "ಕಂಪನಿ ಮುಚ್ಚಿಟ್ಟ ಸತ್ಯ" ನಿಜವಾಗಿ ಹೊರಬಂದಾಗ ಅದರ ಜೊತೆ ಕೆಂಪು ಬಾಣ ಇರಲಿಲ್ಲ, ಕೋಷ್ಟಕಗಳಿದ್ದವು.

ಕಾರು ನೋಡದೆಯೇ ಬರೆಯುವ ಜಾತಿ ಇನ್ನೊಂದಿದೆ. "3 ಲಕ್ಷಕ್ಕೆ ನ್ಯಾನೋ ಇಲೆಕ್ಟ್ರಿಕ್, ಒಂದು ಚಾರ್ಜಿಗೆ 400 ಕಿಲೋಮೀಟರ್!" ನ್ಯಾನೋ ತಯಾರಿಕೆ ನಿಂತದ್ದು 2018ರಲ್ಲಿ. ಸುದ್ದಿ ಸುಳ್ಳೋ ಅಂತ ಹುಡುಕಲೂ ಬೇಡ, ಗುಣಾಕಾರ ಸಾಕು. ಟಾಟಾದ ಇಲೆಕ್ಟ್ರಿಕ್ ಕಾರು ಟಿಯಾಗೊ ಇವಿ ಬಂದಾಗ 24 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಗೆ ಕಂಪನಿ ಹೇಳಿದ ದೂರ 315 ಕಿಲೋಮೀಟರ್, ಅದೂ ಪ್ರಯೋಗಾಲಯದ ಅಂಕಿ. ಅದೇ ಲೆಕ್ಕದಲ್ಲಿ 400ಕ್ಕೆ 30 ಯೂನಿಟ್ ಬ್ಯಾಟರಿ ಬೇಕು. ಬ್ಯಾಟರಿ ಬೆಲೆಯ ಸಮೀಕ್ಷೆ ಮಾಡುವ ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆ 2024ರಲ್ಲಿ ಕೊಟ್ಟ ಜಾಗತಿಕ ಸರಾಸರಿ ಬೆಲೆ ಯೂನಿಟ್ಟಿಗೆ 115 ಡಾಲರ್. ಬ್ಯಾಟರಿಗೇ 3 ಲಕ್ಷದ ಹತ್ತಿರ ಆಯಿತು. ಸೀಟು, ಗಾಜು, ಚಕ್ರ, ಮೋಟಾರು ಎಲ್ಲ ಪುಕ್ಕಟೆಯಾ?

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹೊಸ ಕಾರು ಬಂದಾಗ ಕಂಪನಿಯವರೇ ವಿಮರ್ಶಕರನ್ನು ಗೋವಾಕ್ಕೋ ಉದಯಪುರಕ್ಕೋ ಕರೆಸಿ, ರೆಸಾರ್ಟಿನಲ್ಲಿ ಉಳಿಸಿ, ಒಂದು ದಿನ ಕಾರು ಕೊಡುವುದು ವಾಡಿಕೆ. ಹೀಗೆ ಲಾಭ ಪಡೆದವರು ಅದನ್ನು ಎದ್ದು ಕಾಣುವ ಹಾಗೆ ಹೇಳಬೇಕು ಅಂತ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. ದಾರಿತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು. ಹೇಳಿದವರೆಲ್ಲ ಸುಳ್ಳುಗಾರರಲ್ಲ, ಹೇಳದವರೆಲ್ಲ ಪ್ರಾಮಾಣಿಕರೂ ಅಲ್ಲ. ಆದರೆ ಸಮುದ್ರದ ಪಕ್ಕದ ಸಪಾಟು ರಸ್ತೆಯಲ್ಲಿ ಒಂದು ದಿನ ಓಡಿಸಿದವರಿಗೆ ಐದು ವರ್ಷದ ಸಸ್ಪೆನ್ಷನ್ ಬಗ್ಗೆ ಏನು ಗೊತ್ತಿರಲು ಸಾಧ್ಯ?

ನೀವೇ ಅಳೆಯಬೇಕಾ? ಟ್ಯಾಂಕ್ ಫುಲ್ ಮಾಡಿ, ನಾಝಲ್ ಮೊದಲ ಸಲ ತಾನಾಗಿ ನಿಂತಾಗ ನಿಲ್ಲಿಸಿ. ಮುಂದೆಯೂ ಅದೇ ಪಂಪು, ಅದೇ ರೀತಿ. 50 ಕಿಲೋಮೀಟರ್ ಓಡಿಸಿ ತುಂಬಿಸಿದರೆ ಪ್ರಯೋಜನವಿಲ್ಲ. ತುಂಬಿಸುವಾಗ ಅರ್ಧ ಲೀಟರ್ ಆಚೀಚೆ ಆಗುವುದು ಸಹಜ, 3 ಲೀಟರಿನಲ್ಲಿ ಅರ್ಧ ಲೀಟರ್ ತಪ್ಪಾದರೆ ಉತ್ತರವೇ ಕೆಟ್ಟಿತು. 60 ಲೀಟರಿನಲ್ಲಿ ಅದೇ ಅರ್ಧ ಲೀಟರ್ ಲೆಕ್ಕಕ್ಕಿಲ್ಲ. ಸಾವಿರ ಕಿಲೋಮೀಟರ್ ಆಗಲಿ, ಮೊದಲ ಸಲ ತುಂಬಿಸಿದ ಬಿಲ್ ಬಿಟ್ಟು ಉಳಿದೆಲ್ಲ ಬಿಲ್ಲುಗಳ ಲೀಟರ್ ಕೂಡಿಸಿ, ಓಡಿದ ದೂರವನ್ನು ಅದರಿಂದ ಭಾಗಿಸಿ.

ರಸ್ತೆ ಆರಿಸುವುದಾದರೆ ನಮ್ಮ ಊರಿನ ದಾರಿಯೇ ಒಳ್ಳೆಯದು. ಪುಣೆ 560 ಮೀಟರ್ ಎತ್ತರದಲ್ಲಿದೆ, ಬೆಳಗಾವಿ ಸುಮಾರು 750. ನಡುವೆ ಖಂಬಾಟ್ಕಿ ಘಾಟ್ ಬಂದರೂ ಹತ್ತಿದ್ದನ್ನು ಇಳಿಯುತ್ತೇವೆ. ಕೊನೆಗೆ ಉಳಿಯುವ ಏರು 190 ಮೀಟರ್, ಅದರ ಬೆಲೆ 0.3 ಲೀಟರ್. 340 ಕಿಲೋಮೀಟರಿಗೆ ಸುಡುವ 20 ಲೀಟರಿನಲ್ಲಿ ಅದು ಕಾಣುವುದೇ ಇಲ್ಲ. ಹೋಗಿ ಬಂದರೆ ಇನ್ನೂ ಚೆನ್ನ. ಒಂದೇ ಎಚ್ಚರ: ಕೊಲ್ಹಾಪುರದಲ್ಲಿ ಬೇರೆಯವರೆಲ್ಲ ಊಟಕ್ಕೆ ಇಳಿದಾಗ ಎಸಿ ಹಾಕಿಕೊಂಡು ಕಾರಿನಲ್ಲೇ ನಿದ್ದೆ ಮಾಡುವ ಮಾವನವರು ಇದ್ದರೆ, ಅವರನ್ನು ಎಬ್ಬಿಸಿ. ಎಸಿ ಓಡುತ್ತಾ ನಿಂತ ಕಾರು ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯಬಹುದು, ಓಡಿದ ದೂರ ಮಾತ್ರ ಸೊನ್ನೆ.