ಹರಕೆಯಿಂದ ಬಂದ ಡಿವೋಷನ್

ಡಿವೋಷನಲ್ ಸಾಂಗ್ಸ್ ಅಂದ್ರೆ ನಮಗೆ ಭಕ್ತಿಗೀತೆ, ಡಿವೋಟಿ ಅಂದ್ರೆ ಭಕ್ತ. ಆದರೆ ಡಿವೋಷನ್ ಪದದ ಬೇರು ಹುಡುಕಿದರೆ ಮೊದಲು ಸಿಗುವುದು ಭಕ್ತಿ ಅಲ್ಲ, ಹರಕೆ. ಲ್ಯಾಟಿನ್‌ನಲ್ಲಿ 'ವೊವೇರೆ' ಎಂದರೆ ಹರಕೆ ಹೊರುವುದು. 'ಡೆವೊವೇರೆ' ಎಂದರೆ ಹರಕೆ ಹೊತ್ತು ಪೂರ್ತಿ ಒಪ್ಪಿಸಿಬಿಡುವುದು. ಇಂಗ್ಲಿಷಿನ ವವ್, ಡಿವೋಟ್, ಡಿವೌಟ್ ಎಲ್ಲ ಇದೇ ಮನೆತನದವು.

ರೋಮನ್ನರ ಕಾಲದಲ್ಲಿ ಈ ಒಪ್ಪಿಸುವಿಕೆ ಜೀವ ತೆಗೆಯುವಂಥದ್ದು. ಇತಿಹಾಸಕಾರ ಲಿವಿ ಹೇಳುವ ಕಥೆ ನೋಡಿ. ಕ್ರಿ.ಪೂ. 340, ವೆಸೂವಿಯಸ್ ಬೆಟ್ಟದ ಹತ್ತಿರ ಯುದ್ಧ. ರೋಮನ್ನರ ಎಡಗಡೆಯ ಪಡೆ ಹಿಂದೆ ಸರಿಯತೊಡಗಿತ್ತು. ಅದರ ದಂಡನಾಯಕ ಡೇಸಿಯಸ್ ಮೂಸ್ ಅಲ್ಲೇ ಪುರೋಹಿತನನ್ನು ಕರೆಸಿದ. ತಲೆಯ ಮೇಲೆ ಮುಸುಕು ಹಾಕಿಕೊಂಡ, ಒಂದು ಕೈಯನ್ನು ಉಡುಪಿನೊಳಗಿಂದ ತೆಗೆದು ಗದ್ದಕ್ಕೆ ಮುಟ್ಟಿಸಿದ, ನೆಲದ ಮೇಲಿಟ್ಟ ಈಟಿಯನ್ನು ಮೆಟ್ಟಿ ನಿಂತ. ಪುರೋಹಿತ ಹೇಳಿಕೊಟ್ಟ ಹಾಗೆ, ತನ್ನನ್ನೂ ತನ್ನ ಜೊತೆಗೆ ಶತ್ರುಸೈನ್ಯವನ್ನೂ ಭೂಮಿತಾಯಿಗೆ, ಸತ್ತವರ ಲೋಕದ ದೇವತೆಗಳಿಗೆ ಒಪ್ಪಿಸಿದ. ಆಮೇಲೆ ಕುದುರೆ ಏರಿ ಶತ್ರುಗಳ ನಡುವೆ ನುಗ್ಗಿ ಸತ್ತ. ರೋಮನ್ನರು ಗೆದ್ದರು. ಈ ವಿಧಿಯ ಹೆಸರೇ 'ಡೆವೋಟಿಯೊ'. ಹಳೇಬೀಡಿನ ಗರುಡಗಂಬ ನೋಡಿದವರಿಗೆ, ಒಡೆಯನಿಗಾಗಿ ಪ್ರಾಣ ಕೊಡುವ ಇಂಥ ಆಣೆ ಹೊಸದೇನಲ್ಲ.

ಆ ಸಾವಿನ ವಾಸನೆ ಇಂಗ್ಲಿಷಿನಲ್ಲೂ ತುಂಬ ದಿನ ಉಳಿದಿತ್ತು. ಇಂಗ್ಲಿಷ್ ಕವಿ ಮಿಲ್ಟನ್‌ನ 1667ರ ಮಹಾಕಾವ್ಯ 'ಪ್ಯಾರಡೈಸ್ ಲಾಸ್ಟ್'ನಲ್ಲಿ, ದೇವರು ಬೇಡವೆಂದ ಹಣ್ಣು ತಿಂದು ಬಂದ ಬೈಬಲ್ಲಿನ ಮೊದಲ ಹೆಣ್ಣು ಈವ್‌ಳನ್ನು ನೋಡಿ ಅವಳ ಗಂಡ ಆಡಂ ಮರುಗುವಾಗ, ಅವಳು ಸಾವಿಗೆ 'ಡಿವೋಟ್' ಆದಳು ಅನ್ನುತ್ತಾನೆ. ಅಂದರೆ ಸಾವಿನ ಪಾಲಾದಳು ಅಂತ. 'ಡಿವೋಟೆಡ್ ಹಸ್ಬೆಂಡ್' ಅನ್ನುವಾಗ ಇದನ್ನೆಲ್ಲ ಯಾರು ನೆನೆಯುತ್ತಾರೆ ಬಿಡಿ.

ಇದೇ ಬೇರಿನ ಇನ್ನೊಂದು ಕವಲು ವೋಟ್. 'ವೋಟುಂ' ಎಂದರೆ ಹರಕೆ, ಆಸೆ. ಆಸೆಯನ್ನು ಹೇಳಿಕೊಳ್ಳುವುದು ಹೋಗಿ ಒಪ್ಪಿಗೆ ಸೂಚಿಸುವುದಾಯಿತು, ಹಾಗೆ ಮತ ಆಯಿತು. ಚುನಾವಣೆಯಲ್ಲಿ ಹರಕೆ ಹೊರುವವರು ಯಾರು, ತೀರಿಸುವವರು ಯಾರು ಅಂತ ಮಾತ್ರ ಕೇಳಬೇಡಿ!

ಗುಡಿಯಿಂದ ಹೊರಟು ಮೈದಾನ ಸೇರಿದ ಪದ ಫ್ಯಾನ್. ಲ್ಯಾಟಿನ್‌ನಲ್ಲಿ 'ಫಾನುಂ' ಅಂದ್ರೆ ಗುಡಿ. ದೇವರು ಮೈಮೇಲೆ ಬಂದಂತೆ ಆಡುವವನು 'ಫನಾಟಿಕುಸ್'. ಅದರಿಂದ ಫನಾಟಿಕ್. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದವರು ಬೇಸ್‌ಬಾಲ್ ಹುಚ್ಚಿನವರನ್ನು ಚುಟುಕಾಗಿ ಫ್ಯಾನ್ ಅಂದರು. ನಮ್ಮಲ್ಲಿ ಡಾ. ರಾಜ್‌ಕುಮಾರ್ ಇದನ್ನು ಉಲ್ಟಾ ಮಾಡಿದರು: ಅಭಿಮಾನಿಗಳನ್ನೇ ದೇವರು ಅಂದರು.

ಉತ್ಸಾಹ ಅನ್ನುವ ಅರ್ಥದ ಎಂಥೂಸಿಯಾಸಂ ಕೂಡ ಮೈಮೇಲೆ ಬರುವ ಪದವೇ. ಗ್ರೀಕಿನ 'ಎಂಥೆಯೊಸ್' ಎಂದರೆ ಒಳಗೆ ದೇವರಿರುವವನು. 17, 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಬೈಗುಳವಾಗಿತ್ತು. ದೇವರು ನನ್ನ ಹತ್ತಿರವೇ ಮಾತಾಡ್ತಾನೆ ಅಂತ ಕೊಚ್ಚಿಕೊಳ್ಳುವವರಿಗೆ ಅನ್ನುತ್ತಿದ್ದರು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲೂ ಅದನ್ನು ಪೊಳ್ಳು ನಂಬಿಕೆ ಎಂದೇ ಬರೆದ. ಈಗ ಅದನ್ನೇ ಬಯೋಡೇಟಾದಲ್ಲಿ ಹೆಮ್ಮೆಯಿಂದ ಹಾಕಿಕೊಳ್ಳುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬೀಡ್. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಪ್ರಾರ್ಥನೆ ಎಂಬ ಅರ್ಥ, ಮಣಿ ಅಲ್ಲ. ಜಪ ಎಣಿಸಲು ಜನ ಸರದ ಮಣಿ ಒಂದೊಂದಾಗಿ ಸರಿಸುತ್ತಿದ್ದರು. ಪ್ರಾರ್ಥನೆ ಎಣಿಸುವುದೂ ಮಣಿ ಎಣಿಸುವುದೂ ಒಂದೇ ಆಗಿ, ಹೆಸರು ಮಣಿಗೇ ಅಂಟಿಕೊಂಡಿತು. ಜಪ ಬಿಟ್ಟವರ ಕೊರಳಲ್ಲೂ ಬೀಡ್ಸ್ ಉಳಿಯಿತು.

ವರ್ಷಿಪ್ ಸರಳ. 'ವರ್ತ್' ಎಂದರೆ ಯೋಗ್ಯತೆ, ಬೆಲೆ. ಯೋಗ್ಯರಿಗೆ ಕೊಡುವ ಗೌರವವೇ ವರ್ಷಿಪ್, ಅವರು ದೇವರೇ ಆಗಬೇಕಿಲ್ಲ. ಅದಕ್ಕೇ ಇಂಗ್ಲೆಂಡಿನಲ್ಲಿ ಮೇಯರ್‌ಗಳಿಗೆ, ಮ್ಯಾಜಿಸ್ಟ್ರೇಟರಿಗೆ 'ಯುವರ್ ವರ್ಷಿಪ್' ಎನ್ನುವ ರೂಢಿ.